ಚೂಡಾಮಣಿ ಯಾರ ನೆನಪು?

ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಎರಡು ಒಡವೆಗಳು ಕಡಲನ್ನು ದಾಟುತ್ತವೆ. ಲಂಕೆಗೆ ಹೋಗುವುದು ರಾಮನ ಉಂಗುರ. ಲಂಕೆಯಿಂದ ಬರುವುದು ಸೀತೆಯ ಚೂಡಾಮಣಿ. ಕಥೆ ಹೇಳುವವರೂ ಕೇಳುವವರೂ ಇವೆರಡನ್ನೂ ಗುರುತಿನ ವಸ್ತುಗಳೆಂದು ಒಂದೇ ತಕ್ಕಡಿಯಲ್ಲಿಟ್ಟು ಮುಂದೆ ಹೋಗುವುದು ವಾಡಿಕೆ. ಉಂಗುರಕ್ಕೇನೋ ಕಾಳಿದಾಸನ ದೆಸೆಯಿಂದ ಕಾವ್ಯಚರ್ಚೆಯಲ್ಲಿ ದೊಡ್ಡ ಸ್ಥಾನ ದೊರೆತುಬಿಟ್ಟಿದೆ. ಚೂಡಾಮಣಿಗೆ ಅಷ್ಟು ಗಮನ ದೊರೆತಂತೆ ಕಾಣುವುದಿಲ್ಲ. ಆದರೆ ಮನೆತನದ ಒಡವೆ ಎಂದರೇನು, ಅದು ಯಾರ ನೆನಪನ್ನು ಹೊರುತ್ತದೆ, ಅದನ್ನು ಕೈಗೆತ್ತಿಕೊಂಡವನು ಆ ನೆನಪಿನಲ್ಲಿ ಎಷ್ಟನ್ನು ಉಳಿಸಿಕೊಳ್ಳುತ್ತಾನೆ ಎಂಬ ಪ್ರಶ್ನೆಗಳಿಗೆ ಉಂಗುರಕ್ಕಿಂತ ಚೂಡಾಮಣಿಯೇ ಒಳ್ಳೆಯ ಸಾಕ್ಷಿ.

ಎರಡು ಒಡವೆಗಳ ವ್ಯತ್ಯಾಸವನ್ನು ಮೊದಲು ನೋಡೋಣ. ಉಂಗುರದ ಮೇಲೆ ರಾಮನ ಹೆಸರು ಕೊರೆದಿದೆ. ಅದನ್ನು ತಂದವನು ರಾಮನ ಕಡೆಯವನು ಎಂದು ಅದು ಹೇಳುತ್ತದೆ; ಹೇಳಿ ಮುಗಿಸುತ್ತದೆ. ಅದು ಮುದ್ರೆಯಂತೆ, ರಹದಾರಿಯಂತೆ. ಓದುಬರಹ ಬಲ್ಲ ಯಾರಿಗಾದರೂ ಅದು ಅಷ್ಟನ್ನು ಹೇಳೀತು. ಚೂಡಾಮಣಿಯ ಮೇಲೆ ಯಾವ ಹೆಸರೂ ಇಲ್ಲ. ದಾರಿಹೋಕನ ಕೈಗೆ ಸಿಕ್ಕರೆ ಅದು ಬೆಲೆಬಾಳುವ ಒಂದು ಕಲ್ಲು. ಅದರ ಕಥೆ ಬಲ್ಲವನಿಗೆ ಮಾತ್ರ ಅದು ಬಾಯಿ ಬಿಡುತ್ತದೆ. ಮನೆತನದ ಒಡವೆಯ ಲಕ್ಷಣವೇ ಇದು: ಅದರ ಅರ್ಥ ಒಡವೆಯಲ್ಲಿಲ್ಲ, ಬಲ್ಲವರ ಬಾಯಲ್ಲಿದೆ.

ರಾಮಾಯಣದಲ್ಲಿಯೇ ಇದಕ್ಕೆ ಇನ್ನೊಂದು ನಿದರ್ಶನವಿದೆ. ರಾವಣನು ಹೊತ್ತೊಯ್ಯುವಾಗ ಸೀತೆ ಕೆಲವು ಒಡವೆಗಳನ್ನು ಉತ್ತರೀಯದಲ್ಲಿ ಕಟ್ಟಿ ಬೆಟ್ಟದ ಮೇಲಿದ್ದ ವಾನರರ ನಡುವೆ ಎಸೆಯುತ್ತಾಳೆ. ಸುಗ್ರೀವನು ಆ ಗಂಟನ್ನು ತಂದು ಬಿಚ್ಚಿದಾಗ ರಾಮನ ಕಣ್ಣು ನೀರಿನಿಂದ ಮಂಜಾಗುತ್ತದೆ. ಲಕ್ಷ್ಮಣನಿಗೆ ತೋಳಿನ ಒಡವೆಯೂ ತಿಳಿಯದು, ಕಿವಿಯ ಒಡವೆಯೂ ತಿಳಿಯದು. ದಿನವೂ ಕಾಲಿಗೆರಗುತ್ತಿದ್ದವನಾದ್ದರಿಂದ ಕಾಲಂದುಗೆ ಮಾತ್ರ ತಿಳಿಯುತ್ತದೆ. ಹರಿಕಥೆಯಲ್ಲಿ ಇದನ್ನು ಲಕ್ಷ್ಮಣನ ಶೀಲದ ಹೊಗಳಿಕೆಯಾಗಿ ಹೇಳುತ್ತಾರೆ; ಅದು ಸರಿಯೇ. ಅದರ ಜೊತೆಗೆ ಇನ್ನೊಂದು ಸತ್ಯವೂ ಅಲ್ಲಿದೆ. ಒಂದೇ ಗಂಟಿನ ಒಡವೆ ನೋಡುವವನ ಸಂಬಂಧಕ್ಕೆ ತಕ್ಕಷ್ಟನ್ನು ಮಾತ್ರ ಹೇಳಿತು. ಯಾರು ಯಾವುದನ್ನು ನೋಡುತ್ತಿದ್ದರೋ ಅದೇ ಅವರಿಗೆ ನೆನಪಾಯಿತು.

ಈಗ ಅಶೋಕವನಕ್ಕೆ ಬರೋಣ. ಹನುಮಂತನು ಹೊರಡುವ ಹೊತ್ತು. ರಾಮನಿಗೆ ತೋರಿಸಲು ಏನಾದರೂ ಗುರುತನ್ನು ಕೊಡು ಎಂದು ಕೇಳುತ್ತಾನೆ. ರೂಢಿಯ ಪಾಠದ 38ನೆಯ ಸರ್ಗದಲ್ಲಿ ಈ ಸಂದರ್ಭ ಬರುತ್ತದೆ. ಸೀತೆ ಒಡನೆಯೇ ಒಡವೆಯನ್ನು ಬಿಚ್ಚಿಕೊಡುವುದಿಲ್ಲ. ಮೊದಲು ಒಂದು ಮಾತನ್ನು ಕೊಡುತ್ತಾಳೆ. ಚಿತ್ರಕೂಟದಲ್ಲಿ ಕಾಗೆಯೊಂದು ತನ್ನನ್ನು ಕುಕ್ಕಿದ್ದು, ತೊಡೆಯ ಮೇಲೆ ಮಲಗಿದ್ದ ರಾಮನು ಎಚ್ಚೆತ್ತದ್ದು, ಒಂದು ದರ್ಭೆಯ ಕಡ್ಡಿಯನ್ನೇ ಅಸ್ತ್ರವಾಗಿ ಬಿಟ್ಟದ್ದು - ಇದೆಲ್ಲ ಇಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿ. ಇದನ್ನು ಹೇಳಿ ಮುಗಿಸಿದ ಮೇಲೆ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಚೂಡಾಮಣಿಯನ್ನು ಬಿಚ್ಚಿ ಹನುಮಂತನ ಕೈಯಲ್ಲಿಡುತ್ತಾಳೆ. ಗುರುತೇ ಮುಖ್ಯವಾಗಿದ್ದರೆ ಕಾಗೆಯ ಕಥೆಯೊಂದೇ ಸಾಕಾಗಿತ್ತು. ಅದಕ್ಕಿಂತ ಗಟ್ಟಿಯಾದ ಗುರುತು ಬೇರೆ ಇಲ್ಲ. ಹಾಗಾದರೆ ಮಣಿ ಏಕೆ?

ಸೀತೆಯೇ ಉತ್ತರ ಹೇಳುತ್ತಾಳೆ. ಮುಂದಿನ ಸರ್ಗದ ಮೊದಲಲ್ಲೇ ಅವಳ ಮಾತಿದೆ. ಈ ಮಣಿಯನ್ನು ನೋಡಿದರೆ ರಾಮನಿಗೆ ಮೂವರ ನೆನಪಾಗುತ್ತದೆ ಎನ್ನುತ್ತಾಳೆ: ತಾಯಿ, ತಾನು, ದಶರಥ ಮಹಾರಾಜ. ಇಲ್ಲಿ ತಾಯಿ ಎಂದರೆ ಯಾರ ತಾಯಿ ಎಂಬುದಕ್ಕೆ ಶ್ಲೋಕದ ಅನ್ವಯ ಎರಡು ಬಗೆಗೆ ಎಡೆಗೊಡುತ್ತದೆ. ಸೀತೆಯ ತಾಯಿ ಎಂದೂ ಹೇಳಬಹುದು, ಕೌಸಲ್ಯೆ ಎಂದೂ ಹೇಳಬಹುದು. ನನಗೆ ಮೊದಲನೆಯದೇ ಸರಿಯೆಂದು ತೋರುತ್ತದೆ. ಅಯೋಧ್ಯಾಕಾಂಡದ ಕೊನೆಯಲ್ಲಿ ಸೀತೆ ಅತ್ರಿಯ ಪತ್ನಿ ಅನಸೂಯೆಯೊಡನೆ ಮಾತನಾಡುವ ಭಾಗವನ್ನು ವಾಚಕರು ನೆನೆಯಬೇಕು. ನೇಗಿಲ ಗೆರೆಯಲ್ಲಿ ಸಿಕ್ಕ ತನ್ನನ್ನು ಜನಕನು ಹಿರಿಯ ರಾಣಿಯ ಕೈಗೆ ಕೊಟ್ಟನೆಂದೂ, ಆಕೆ ತಾಯ್ತನದ ಅಕ್ಕರೆಯಿಂದ ಬೆಳೆಸಿದಳೆಂದೂ ಅಲ್ಲಿ ಹೇಳುತ್ತಾಳೆ. ಅದಕ್ಕೂ ಮೊದಲು, ಕೈಹಿಡಿಯುವ ಹೊತ್ತಿನಲ್ಲಿ ಅಗ್ನಿಯ ಮುಂದೆ ತಾಯಿ ಹೇಳಿಕೊಟ್ಟ ಬುದ್ಧಿಮಾತನ್ನು ತಾನು ಮರೆತಿಲ್ಲವೆನ್ನುತ್ತಾಳೆ. ಹೆತ್ತವಳಲ್ಲದ ಆ ತಾಯಿಗೆ ವಾಲ್ಮೀಕಿ ಒಂದು ಹೆಸರನ್ನೂ ಇಟ್ಟಿಲ್ಲ. ಆದರೆ ಮಗಳ ನೆನಪಿನಲ್ಲಿ ಮದುವೆಯ ಮಂಟಪ ಎಂದರೆ ಮೊದಲು ಬರುವುದು ಆ ತಾಯಿಯ ಮಾತು. ಮಣಿ ತಲೆಗೇರಿದ್ದೂ ಅದೇ ಮಂಟಪದಲ್ಲಿ. ಸೀತೆ ತಾಯಿಯ ಹೆಸರನ್ನೆತ್ತಿದ್ದು ಅಕಸ್ಮಾತ್ತಾಗಿ ಅಲ್ಲ.

ಇನ್ನು ಮಣಿ ರಾಮನ ಕೈ ಸೇರಿದ ಮೇಲೆ ಏನಾಗುತ್ತದೆ? 66ನೆಯ ಸರ್ಗದಲ್ಲಿ ರಾಮನು ಅದನ್ನು ಎದೆಗೊತ್ತಿಕೊಂಡು ಅಳುತ್ತಾನೆ. ಕರುವನ್ನು ಕಂಡ ಹಸುವಿನ ಹಾಗೆ ತನ್ನ ಹೃದಯ ಸುರಿಯುತ್ತಿದೆ ಎನ್ನುತ್ತಾನೆ. ಆಮೇಲೆ ಮಣಿಯ ಪೂರ್ವಕಥೆಯನ್ನು ಹೇಳುತ್ತಾನೆ. ಅದು ನೀರಿನಲ್ಲಿ ಹುಟ್ಟಿದ ಮಣಿ. ಯಜ್ಞದಿಂದ ತೃಪ್ತನಾದ ಇಂದ್ರನು ಕೊಟ್ಟದ್ದು. ಮದುವೆಯ ಹೊತ್ತಿನಲ್ಲಿ ಮಾವನು ಸೀತೆಗೆ ಕೊಟ್ಟದ್ದು. ಅವಳ ಮುಡಿಯಲ್ಲಿ ಅದು ಬಹಳ ಶೋಭಿಸುತ್ತಿತ್ತು. ಇದನ್ನು ನೋಡಿದರೆ ತಂದೆಯನ್ನು ನೋಡಿದಂತಾಯಿತು, ವಿದೇಹರಾಜನನ್ನು ನೋಡಿದಂತಾಯಿತು, ಅವಳೇ ಬಂದಂತಾಯಿತು ಎನ್ನುತ್ತಾನೆ. ಇಲ್ಲಿಯೂ ಮೂವರೇ. ಆದರೆ ಸೀತೆ ಎಣಿಸಿದ ಮೂವರಲ್ಲ. ದಶರಥನಿದ್ದಾನೆ, ಸೀತೆ ಇದ್ದಾಳೆ. ತಾಯಿಯ ಜಾಗದಲ್ಲಿ ಜನಕ ಬಂದು ಕುಳಿತಿದ್ದಾನೆ.

ಇದರಲ್ಲಿ ರಾಮನ ತಪ್ಪನ್ನು ಹುಡುಕಲು ಹೊರಟರೆ ಅದು ಕಾವ್ಯವನ್ನು ಓದುವ ರೀತಿಯಲ್ಲ. ರಾಮನ ಅಳು ನಿಜವಾದ ಅಳು. ಆ ಸರ್ಗವನ್ನು ಓದಿ ಕಣ್ಣೊದ್ದೆಯಾಗದವರು ವಿರಳ. ಮಂಟಪದಲ್ಲಿ ಗಂಡಿನ ಕಣ್ಣಿಗೆ ಕಂಡವರು ಧಾರೆಯೆರೆದ ಮಾವ, ಪಕ್ಕದಲ್ಲಿ ಕುಳಿತ ತಂದೆ. ಹೆಣ್ಣಿನ ಕಿವಿಗೆ ಕೇಳಿದ್ದು ತಾಯಿಯ ಮಾತು. ಲಕ್ಷ್ಮಣನಿಗೆ ಕಾಲಂದುಗೆ ಮಾತ್ರ ಗೊತ್ತಾದ ಹಾಗೆಯೇ ಇದು. ಇವೆರಡರಲ್ಲಿ ಯಾವುದು ಸುಳ್ಳು? ಎರಡೂ ಅಲ್ಲ. ಆದರೆ ಲೋಕದಲ್ಲಿ ಉಳಿಯುವ ಮಣಿಯ ಚರಿತ್ರೆ ಯಾವುದು ಎಂದು ಕೇಳಿದರೆ, ಅದು ಇಂದ್ರನಿಂದ ಜನಕನಿಗೆ, ಜನಕನಿಂದ ಮಗಳಿಗೆ ಎಂಬ ಚರಿತ್ರೆ. ತಾಯಿಯ ಪಾಲು ಅರ್ಧ ಸಾಲಿನಲ್ಲಿ ನಿಂತು, ಅದೂ ಯಾರ ತಾಯಿ ಎಂಬ ಸಂದೇಹಕ್ಕೆ ಸಿಕ್ಕಿಕೊಂಡಿದೆ. ವಾಲ್ಮೀಕಿ ಇವೆರಡು ಪಟ್ಟಿಗಳನ್ನು ಸರಿಮಾಡದೆ ಹಾಗೆಯೇ ಬಿಟ್ಟಿದ್ದಾನೆ. ಮನೆತನದ ಒಡವೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ಬಂಗಾರ ಸವೆಯುವುದಕ್ಕಿಂತ ಹೆಚ್ಚಾಗಿ ನೆನಪು ಸವೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷ್ಯ ನನಗೆ ಗೊತ್ತಿಲ್ಲ.

ಕಾಳಿದಾಸನ ಶಾಕುಂತಲವನ್ನು ಈ ದೃಷ್ಟಿಯಿಂದ ನೋಡಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಮಹಾಭಾರತದ ಶಕುಂತಳೆಯ ಕಥೆಯಲ್ಲಿ ಉಂಗುರವೂ ಇಲ್ಲ, ಶಾಪವೂ ಇಲ್ಲ. ಎರಡನ್ನೂ ತಂದು, ಒಬ್ಬ ರಾಜನ ನೆನಪನ್ನೆಲ್ಲ ಒಂದು ಉಂಗುರಕ್ಕೆ ನೇತುಹಾಕಿದವನು ಕಾಳಿದಾಸ. ಬಸಪ್ಪಶಾಸ್ತ್ರಿಗಳು ಇದನ್ನು ಕನ್ನಡಕ್ಕೆ ತಂದ ಮೇಲೆ ನಮ್ಮ ರಂಗಭೂಮಿಗೂ ಈ ಕಥೆ ಮನೆಯ ಕಥೆಯಾಯಿತು. ಉಂಗುರ ಕಳೆದಾಗ ನೆನಪು ಹೋಗುತ್ತದೆ. ಮೀನಿನ ಹೊಟ್ಟೆಯಿಂದ ಉಂಗುರ ಬಂದಾಗ ನೆನಪು ಬರುತ್ತದೆ. ನಾಟಕದ ಯಂತ್ರ ಅಚ್ಚುಕಟ್ಟಾಗಿದೆ. ಆದರೆ ಶಕುಂತಳೆಯ ಕಡೆ ನಿಂತು ನೋಡಿ. ಅವಳಿಗೆ ತೌರಿನ ಒಡವೆ ಎಂಬುದೇ ಇಲ್ಲ. ಹೆತ್ತ ಮೇನಕೆ ಬಿಟ್ಟುಹೋದವಳು. ಸಾಕಿದ ಕಣ್ವ ಋಷಿ. ಗಂಡನ ಮನೆಗೆ ಹೊರಟ ದಿನ ಉಡಲು ರೇಷ್ಮೆಯನ್ನೂ ತೊಡಲು ಆಭರಣವನ್ನೂ ಆಶ್ರಮದ ಮರಗಳು ಕೊಡಬೇಕಾಗುತ್ತದೆ. ನಾಲ್ಕನೆಯ ಅಂಕದ ಆ ಸೊಬಗನ್ನು ಎಲ್ಲರೂ ಕೊಂಡಾಡುತ್ತಾರೆ. ಅದರೊಳಗಿನ ಬಡತನವನ್ನು ಗಮನಿಸಿದವರು ಕಡಿಮೆ. ತಾಯಿಯ ಪೆಟ್ಟಿಗೆಯಿಂದ ಬರಬೇಕಾದದ್ದು ಕಾಡಿನಿಂದ ಬಂತು. ಕಾಡಿನ ಒಡವೆಯ ಕಥೆಯನ್ನು ಅರಮನೆಯಲ್ಲಿ ಬಲ್ಲವರು ಯಾರು? ಸಭೆಯಲ್ಲಿ ಸಾಕ್ಷಿ ಕೇಳಿದಾಗ ಅವಳ ಕೈಯಲ್ಲಿದ್ದದ್ದು ಗಂಡನ ಹೆಸರಿನ ಉಂಗುರವೊಂದೇ. ಬೆರಳು ಮುಟ್ಟಿ ನೋಡಿಕೊಂಡರೆ ಅದೂ ಇಲ್ಲ.

ಏಳನೆಯ ಅಂಕದಲ್ಲಿ ಎಲ್ಲ ಸರಿಹೋಗುತ್ತದೆ. ದುಷ್ಯಂತನು ಆ ಉಂಗುರವನ್ನು ಮತ್ತೆ ಅವಳ ಬೆರಳಿಗೆ ತೊಡಿಸಹೋಗುತ್ತಾನೆ. ಆಗ ಶಕುಂತಳೆ ಅದನ್ನು ತಾನು ನಂಬಲಾರೆ, ನೀವೇ ಹಾಕಿಕೊಂಡಿರಿ ಎನ್ನುತ್ತಾಳೆ. ಬಹಳ ಮೆಲುವಾಗಿ ಬಂದು ಹೋಗುವ ಮಾತು. ಇಡೀ ನಾಟಕ ಆ ಉಂಗುರದ ಸುತ್ತ ತಿರುಗಿ, ಕೊನೆಗೆ ನಾಯಿಕೆ ಅದನ್ನು ಬೇಡವೆನ್ನುತ್ತಾಳೆ. ವಸ್ತುವಿನ ಮೇಲೆ ನೆನಪಿನ ಭಾರವನ್ನೆಲ್ಲ ಹೊರಿಸುವುದು ಎಷ್ಟು ಅಪಾಯದ ಕೆಲಸವೆಂದು ಆ ಭಾರದಡಿಯಲ್ಲಿ ನಲುಗಿದವಳಿಗೆ ಮಾತ್ರ ಗೊತ್ತು. ಕಾಳಿದಾಸನು ಉಂಗುರವನ್ನು ಕಟ್ಟಿ ಮೆರೆಸಿದ ಕವಿಯೆಂದು ಹೊಗಳುವವರು ಈ ಮಾತನ್ನೂ ಜೊತೆಗಿಟ್ಟುಕೊಳ್ಳಬೇಕು.

ತೌರಿನ ಒಡವೆಯ ಕಥೆಯನ್ನು ನೇರವಾಗಿ ಹೇಳಿದ ನಾಟಕವೆಂದರೆ ಶೂದ್ರಕನ ಮೃಚ್ಛಕಟಿಕ. ಗಣಿಕೆ ವಸಂತಸೇನೆ ಚಾರುದತ್ತನ ಮನೆಯಲ್ಲಿ ನ್ಯಾಸವಾಗಿ ಇಟ್ಟ ಒಡವೆಗಳು ಕಳುವಾಗುತ್ತವೆ. ಬಡವನಾದ ಚಾರುದತ್ತನ ಮಾತನ್ನು ಊರು ನಂಬಲಿಕ್ಕಿಲ್ಲ. ಒಳಗಿದ್ದ ಹೆಂಡತಿ ಧೂತೆಗೆ ಸುದ್ದಿ ತಿಳಿಯುತ್ತದೆ. ಅವಳ ಹತ್ತಿರ ಉಳಿದಿರುವುದು ಒಂದೇ ಒಂದು ರತ್ನಾವಳಿ. ತಾಯಿಯ ಮನೆಯಿಂದ ಬಂದದ್ದು. ಗಂಡನ ಅಭಿಮಾನ ದೊಡ್ಡದು, ನೇರವಾಗಿ ಕೊಟ್ಟರೆ ಒಪ್ಪಲಾರನೆಂದು ಬಲ್ಲ ಆಕೆ ವ್ರತದ ನೆಪ ಹೂಡಿ ವಿದೂಷಕನ ಕೈಗೆ ದಾನವಾಗಿ ಕೊಡುತ್ತಾಳೆ. ತಾಯಿಯ ಕುರಿತು ಒಂದು ಮಾತಿಲ್ಲ, ಕಣ್ಣೀರಿಲ್ಲ. ಅದು ಎಲ್ಲಿಂದ ಬಂತೆಂಬುದನ್ನು ಮಾತ್ರ ಹೇಳಿ ಸುಮ್ಮನಾಗುತ್ತಾಳೆ. ಆ ಎರಡು ಪದಗಳಲ್ಲಿ ಅವಳು ಏನನ್ನು ಬಿಟ್ಟುಕೊಡುತ್ತಿದ್ದಾಳೆಂಬುದು ನೋಡುವವರಿಗೆ ತಿಳಿಯುತ್ತದೆ. ಚಾರುದತ್ತನಿಗೆ ಮೊದಲು ನೋವಾಗುತ್ತದೆ, ಹೆಣ್ಣಿನ ಹಣದಿಂದ ಉಳಿಯುವ ಸ್ಥಿತಿ ಬಂತಲ್ಲ ಎಂದು. ಆಮೇಲೆ ಇಂಥ ಹೆಂಡತಿಯಿರುವ ತಾನು ಬಡವನಲ್ಲ ಎಂದುಕೊಳ್ಳುತ್ತಾನೆ.

ಮುಂದೆ ವಸಂತಸೇನೆ ಆ ರತ್ನಾವಳಿಯನ್ನು ಧೂತೆಗೆ ಹಿಂದಕ್ಕೆ ಕಳಿಸುತ್ತಾಳೆ. ಧೂತೆ ತೆಗೆದುಕೊಳ್ಳುವುದಿಲ್ಲ. ಗಂಡನು ಕೊಟ್ಟದ್ದನ್ನು ತಾನು ತಿರುಗಿ ಪಡೆಯುವುದು ಸರಿಯಲ್ಲವೆನ್ನುತ್ತಾಳೆ. ಇದರ ಬೆನ್ನಿಗೇ ಬರುವುದು ನಾಟಕಕ್ಕೆ ಹೆಸರು ಕೊಟ್ಟ ದೃಶ್ಯ. ಧೂತೆಯ ಮಗ ರೋಹಸೇನ ಮಣ್ಣಿನ ಬಂಡಿ ಬೇಡ, ಚಿನ್ನದ ಬಂಡಿ ಬೇಕೆಂದು ಅಳುತ್ತಿದ್ದಾನೆ. ಈಕೆ ನಿನ್ನ ತಾಯಿ ಎಂದು ದಾಸಿ ವಸಂತಸೇನೆಯನ್ನು ತೋರಿಸಿದರೆ ಹುಡುಗ ನಂಬುವುದಿಲ್ಲ. ತಾಯಿಯಾದರೆ ಮೈಮೇಲೆ ಇಷ್ಟೊಂದು ಒಡವೆ ಏಕೆ ಎಂದು ಕೇಳುತ್ತಾನೆ. ಅವನು ಕಂಡ ತಾಯಿ ಒಡವೆ ಇಲ್ಲದವಳು! ವಸಂತಸೇನೆ ಕಣ್ಣೀರು ಸುರಿಸುತ್ತ ತನ್ನ ಒಡವೆಗಳನ್ನು ಕಳಚಿ ಮಣ್ಣಿನ ಬಂಡಿಯಲ್ಲಿ ತುಂಬಿ, ಈಗ ನಿನ್ನ ತಾಯಿಯಾದೆ ಎನ್ನುತ್ತಾಳೆ. ಸಂಸ್ಕೃತ ನಾಟಕದಲ್ಲಿ ಒಡವೆಯ ಬಗ್ಗೆ ಇಷ್ಟು ಆಳವಾದ ಮಾತನ್ನು ಒಂದು ಮಗುವಿನ ಬಾಯಲ್ಲಿ ಇಟ್ಟ ಕವಿ ಬೇರೊಬ್ಬನಿಲ್ಲ. ಅದೇ ಒಡವೆಗಳು ಒಂಬತ್ತನೆಯ ಅಂಕದಲ್ಲಿ ನ್ಯಾಯಾಲಯದ ನೆಲದ ಮೇಲೆ ಬಿದ್ದು, ಚಾರುದತ್ತನೇ ಅವಳನ್ನು ಕೊಂದನೆಂಬುದಕ್ಕೆ ಪುರಾವೆಯಾಗುತ್ತವೆ. ಮಗುವಿನ ಮುಂದೆ ಅಕ್ಕರೆಯಾಗಿದ್ದದ್ದು ಅಧಿಕರಣಿಕನ ಮುಂದೆ ಕೊಲೆಯ ಕುರುಹಾಯಿತು. ಕಥೆಯನ್ನು ಕಿತ್ತುಹಾಕಿದರೆ ಒಡವೆ ಯಾವ ಸುಳ್ಳಿಗಾದರೂ ಸಾಕ್ಷಿಯಾಗಬಲ್ಲದು.

ತಾಯಿಯ ಒಡವೆ ಮಗಳದು ಎಂಬ ಸಾಲು ಕಾವ್ಯದಲ್ಲಿ ಹೀಗೆ ಮುಸುಕಾಗಿದ್ದರೂ ಧರ್ಮಶಾಸ್ತ್ರದಲ್ಲಿ ಸ್ಪಷ್ಟವಾಗಿಯೇ ಇದೆ. ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076-1126) ವಿಜ್ಞಾನೇಶ್ವರನು ಬರೆದ ಮಿತಾಕ್ಷರ ಸ್ತ್ರೀಧನದ ಅರ್ಥವನ್ನು ಹಿಗ್ಗಿಸಿತು. ಅದರಲ್ಲಿ ಮೊದಲ ಹಕ್ಕು ಹೆಣ್ಣುಮಕ್ಕಳದು; ಅವರಲ್ಲಿಯೂ ಮದುವೆಯಾಗದವಳದು, ಆಮೇಲೆ ಇಲ್ಲದವಳದು ಎಂದು ಹೇಳಿತು. 1956ರ ಹಿಂದೂ ಉತ್ತರಾಧಿಕಾರ ಕಾನೂನು ಹೆಣ್ಣಿನ ಕೈಯಲ್ಲಿದ್ದ ಆಸ್ತಿಗೆ ಆಕೆಯನ್ನೇ ಪೂರ್ಣ ಒಡತಿಯನ್ನಾಗಿ ಮಾಡಿತು. ಮದುವೆಯಲ್ಲಿ ಹೆಣ್ಣಿಗೆ ಬಂದ ಒಡವೆ ಗಂಡನ ಮನೆಯ ಸೊತ್ತಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 1985ರಲ್ಲಿ ತೀರ್ಪು ಕೊಟ್ಟಿತು. ಕಾನೂನು ತೂಕವನ್ನು ಕಾಯಬಲ್ಲದು. ನೆನಪನ್ನು ಯಾವ ಕಾನೂನೂ ಕಾಯಲಾರದು. ಅದನ್ನು ಕಾಯ್ದವರು ನಮ್ಮ ಹಳ್ಳಿಯ ಹೆಂಗಸರು. ಹಲಸಂಗಿಯ ಗೆಳೆಯರು ಕೂಡಿಸಿಕೊಟ್ಟ ‘ಗರತಿಯ ಹಾಡು’ ಓದಿದವರಿಗೆ ಗೊತ್ತು: ಬೀಸುವ ಕಲ್ಲಿನ ಮುಂದೆ ತೌರು ಎಂದರೆ ಮೊದಲು ಬರುವವಳು ಹಡೆದವ್ವ. ರಾಮನ ಪಟ್ಟಿಯಲ್ಲಿ ಬಿಟ್ಟುಹೋದವಳು ಬೀಸುವ ಹಾಡಿನಲ್ಲಿ ಮೊದಲ ಪಂಕ್ತಿಯಲ್ಲಿದ್ದಾಳೆ.

ಹೊಸಗಾಲದ ಸಾಹಿತ್ಯಕ್ಕೆ ಬಂದರೆ ಒಡವೆಯಿಂದ ಈ ತಾಯಿಯ ಸಾಲು ಕಡಿದುಹೋದಾಗ ಏನಾಗುತ್ತದೆಂಬುದನ್ನು ತೋರಿಸಿದ ಕೃತಿಗಳು ಕಾಣುತ್ತವೆ. ರವೀಂದ್ರರ ‘ಮಣಿಹಾರ’ ಕಥೆ ಪ್ರಕಟವಾದದ್ದು 1898ರಲ್ಲಿ. ಸತ್ಯಜಿತ್ ರಾಯ್ ಅದನ್ನು 1961ರಲ್ಲಿ ‘ತೀನ್ ಕನ್ಯಾ’ದ ಒಂದು ಭಾಗವಾಗಿ ತೆರೆಗೆ ತಂದರು. ಅಲ್ಲಿಯ ಮಣಿಮಾಲಿಕೆಯ ಒಡವೆಗಳೆಲ್ಲ ಗಂಡ ಕೊಟ್ಟವು. ಕೇಳುವ ಮೊದಲೇ ಕೊಟ್ಟವು. ವ್ಯಾಪಾರ ಕೆಟ್ಟು ಅವನಿಗೆ ಹಣ ಬೇಕಾದಾಗ ಆಕೆ ಒಡವೆಗಳನ್ನೆಲ್ಲ ಮೈಮೇಲೆ ಹೇರಿಕೊಂಡು ರಾತ್ರೋರಾತ್ರಿ ದೋಣಿ ಹತ್ತಿ ಹೋಗುತ್ತಾಳೆ. ತಿರುಗಿ ಬರುವುದು ಒಡವೆ ತೊಟ್ಟ ಅಸ್ಥಿಪಂಜರ. ಆ ಒಡವೆಗಳಿಗೆ ಹಿಂದಿಲ್ಲ, ಮುಂದಿಲ್ಲ. ಕೊಟ್ಟ ತಾಯಿಯಿಲ್ಲ, ಕೊಡಬೇಕಾದ ಮಗಳಿಲ್ಲ. ಧೂತೆ ಒಂದೇ ಸರವನ್ನು ಕೊಟ್ಟು ಉಳಿದಳು. ಮಣಿಮಾಲಿಕೆ ಎಲ್ಲವನ್ನೂ ಹಿಡಿದುಕೊಂಡು ಅಳಿದಳು. ಇಬ್ಬರನ್ನು ಒಳ್ಳೆಯವಳು ಕೆಟ್ಟವಳು ಎಂದು ಬೇರ್ಪಡಿಸಿದರೆ ಏನೂ ಹೇಳಿದಂತಾಗುವುದಿಲ್ಲ. ಒಬ್ಬಳಿಗೆ ಬಂದದ್ದನ್ನು ಮುಂದಕ್ಕೆ ಕಳಿಸುವ ಅಭ್ಯಾಸವಿತ್ತು. ಇನ್ನೊಬ್ಬಳಿಗೆ ಅದು ಎಲ್ಲಿಂದಲೂ ಬಂದಿರಲೇ ಇಲ್ಲ.

ಕನ್ನಡದಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ (1965) ಇದೇ ಮಾತನ್ನು ಅಗ್ರಹಾರದ ಅಂಗಳದಲ್ಲಿ ಹೇಳುತ್ತದೆ. ಹೆಣ ಮನೆಯೊಳಗೆ ಕೊಳೆಯುತ್ತಿದೆ. ಚಂದ್ರಿ ತನ್ನ ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿ ಪ್ರಾಣೇಶಾಚಾರ್ಯರ ಮುಂದಿಟ್ಟು, ಸಂಸ್ಕಾರದ ಖರ್ಚಿಗೆ ತೆಗೆದುಕೊಳ್ಳಿ ಎನ್ನುತ್ತಾಳೆ. ಅಲ್ಲಿಯವರೆಗೆ ಶಾಸ್ತ್ರದ ತೊಡಕಾಗಿದ್ದದ್ದು ಕ್ಷಣದಲ್ಲಿ ಬಂಗಾರದ ತೊಡಕಾಗುತ್ತದೆ. ಅದು ತನ್ನ ಸತ್ತ ಸೋದರಿಗೆ ಸೇರಬೇಕಾಗಿದ್ದ ಒಡವೆಯಲ್ಲವೇ ಎಂದು ಲಕ್ಷ್ಮಣನ ಹೆಂಡತಿ ಅನಸೂಯೆಯ ಮನಸ್ಸು ಕುದಿಯುತ್ತದೆ. ಆ ಹೆಂಗಸಿನ ಸಂಕಟವನ್ನು ಬರಿಯ ದುರಾಸೆಯೆಂದು ತಳ್ಳಿಹಾಕುವ ಓದುಗರಿದ್ದಾರೆ. ಸೋದರಿಯ ನೆನಪು ಅಲ್ಲಿ ಇದ್ದೇ ಇದೆ. ಆದರೆ ಅದು ಬಂಗಾರದ ತೂಕದ ಭಾಷೆಯನ್ನು ಬಿಟ್ಟರೆ ಬೇರೆ ಭಾಷೆಯಲ್ಲಿ ಹೊರಬರಲಾರದಷ್ಟು ಬತ್ತಿಹೋಗಿದೆ. ಒಡವೆಯನ್ನು ಒಡವೆಯಾಗಿ ಅಲ್ಲದೆ ಋಣವಾಗಿ ಕಂಡವಳು ಆ ಅಗ್ರಹಾರಕ್ಕೆ ಸೇರದ ಚಂದ್ರಿಯೊಬ್ಬಳೇ.

ಈಚಿನ ವರ್ಷಗಳಲ್ಲಿ ಮನೆತನದ ವಸ್ತುಗಳ ಮೇಲೆಯೇ ಪುಸ್ತಕ ಬರೆಯುವ ಒಂದು ಪ್ರಕಾರ ಬೆಳೆದಿದೆ. ಅದರಲ್ಲಿ ಹೆಸರಾದದ್ದು ಇಂಗ್ಲೆಂಡಿನ ಕುಂಬಾರ ಕಲಾವಿದ ಎಡ್ಮಂಡ್ ಡಿ ವಾಲ್ 2010ರಲ್ಲಿ ಪ್ರಕಟಿಸಿದ ‘ದಿ ಹೇರ್ ವಿತ್ ಆಂಬರ್ ಐಸ್’. ಜಪಾನಿನ ನೆಟ್ಸುಕೆ ಎಂಬ ಪುಟ್ಟ ಕೆತ್ತನೆಗಳು, ಒಟ್ಟು 264. ಪ್ಯಾರಿಸಿನಲ್ಲಿ ಚಾರ್ಲ್ಸ್ ಎಫ್ರುಸ್ಸಿ ಕೊಂಡದ್ದು, ಬಳಿಕ ವಿಯೆನ್ನಾದ ಬಂಧುವಿಗೆ ಮದುವೆಯ ಉಡುಗೊರೆಯಾಗಿ ಹೋದದ್ದು. 1938ರಲ್ಲಿ ನಾಜಿಗಳು ಆ ಯೆಹೂದಿ ಮನೆತನದ ಅರಮನೆಯನ್ನೂ ಚಿತ್ರಗಳನ್ನೂ ಪುಸ್ತಕಗಳನ್ನೂ ಕಿತ್ತುಕೊಂಡರು. ಉಳಿದದ್ದು ಈ ಕೆತ್ತನೆಗಳು. ಮನೆಯೊಡತಿಯ ಸೇವಕಿ ಅನ್ನಾ ಮೂರು ನಾಲ್ಕರಂತೆ ಅವನ್ನು ಜೇಬಿನಲ್ಲಿ ಮರೆಮಾಡಿ ಒಯ್ದು ತನ್ನ ಹಾಸಿಗೆಯೊಳಗೆ ಅಡಗಿಸಿ, ಯುದ್ಧ ಮುಗಿದ ಮೇಲೆ ಮನೆಯ ಮಗಳಿಗೆ ಒಪ್ಪಿಸಿದಳು. ಐದು ತಲೆಮಾರಿನ ಮನೆತನದ ಪ್ರತಿಯೊಬ್ಬನ ಕಾಗದಪತ್ರವನ್ನೂ ಹುಡುಕಿ ತೆಗೆದ ಗ್ರಂಥಕರ್ತನಿಗೆ ಅನ್ನಾಳ ಪೂರ್ತಿ ಹೆಸರು ಸಿಗಲಿಲ್ಲ. ಬಲ್ಲವರಿದ್ದಾಗ ಕೇಳಲಿಲ್ಲವೆಂದು ಆತ ಹೇಳಿಕೊಂಡಿದ್ದಾನೆ. ಪುಸ್ತಕದ ಎಲ್ಲ ಬೆಡಗಿಗಿಂತ ಆ ಒಪ್ಪಿಗೆಯೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿತು. ಸೀತೆಯ ಪಟ್ಟಿಯ ತಾಯಿಯ ಹಾಗೆಯೇ, ಒಡವೆಯನ್ನು ನಿಜವಾಗಿ ದಾಟಿಸಿದ ಕೈಯೇ ಲೆಕ್ಕದಿಂದ ತಪ್ಪಿಹೋಗಿತ್ತು. ತಪ್ಪಿಹೋದದ್ದು ಗೊತ್ತಾಗಿ ಬರೆದದ್ದು ಆ ಗ್ರಂಥದ ಯೋಗ್ಯತೆ. 2018ರಲ್ಲಿ ಆತ ಆ ಕೆತ್ತನೆಗಳಲ್ಲಿ ಕೆಲವನ್ನು ಮಾರಿ ನಿರಾಶ್ರಿತರ ನೆರವಿಗೆ ಕೊಟ್ಟು, ಬಹುಪಾಲನ್ನು ವಿಯೆನ್ನಾದ ಯೆಹೂದಿ ವಸ್ತುಸಂಗ್ರಹಾಲಯಕ್ಕೆ ಎರವಲಾಗಿ ಕೊಟ್ಟ. ಧೂತೆ ಒಪ್ಪುವಂಥ ಕೆಲಸ.

ನಮ್ಮ ದೇಶದಲ್ಲಿ ಆಂಚಲ್ ಮಲ್ಹೋತ್ರಾ 2017ರಲ್ಲಿ ಪ್ರಕಟಿಸಿದ ‘ರೆಮ್ನಂಟ್ಸ್ ಆಫ್ ಎ ಸೆಪರೇಷನ್’ ಇದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ. 1947ರ ವಿಭಜನೆಯಲ್ಲಿ ಗಡಿ ದಾಟಿ ಬಂದ ವಸ್ತುಗಳನ್ನು ಮುಂದಿಟ್ಟುಕೊಂಡು, ಅವನ್ನು ತಂದವರ ಬಾಯಿಂದಲೇ ಕಥೆ ಹೇಳಿಸುವ ಪುಸ್ತಕ. ಲೇಖಕಿಗೆ ಇದರ ಹೊಳಹು ಕೊಟ್ಟದ್ದು ತಮ್ಮದೇ ಬಂಧುಗಳ ಮನೆಯಲ್ಲಿ ಕಂಡ ಒಂದು ಲೋಹದ ಬಿಂದಿಗೆ, ಒಂದು ಗಜಕೋಲು. ಬಜಾರಿನಲ್ಲಿ ಅವಕ್ಕೆ ಬೆಲೆಯೇ ಇಲ್ಲ. ಪ್ರಾಣಭಯದ ಹೊತ್ತಿನಲ್ಲಿ ಕೈಗೆ ಸಿಕ್ಕದ್ದು ಬಿಂದಿಗೆಯಾದರೆ ಬಿಂದಿಗೆಯೇ ಚೂಡಾಮಣಿ. ಬರವಣಿಗೆಯಲ್ಲಿ ಭಾವುಕತೆ ಅಲ್ಲಲ್ಲಿ ತುಸು ಹೆಚ್ಚಾಗಿದೆ. ಮುದುಕರ ಮೌನಕ್ಕೆಲ್ಲ ಲೇಖಕಿಯೇ ಅರ್ಥ ತುಂಬಿಬಿಡುತ್ತಾರೆ, ಓದುಗನಿಗೆ ಬಿಡಬೇಕಾಗಿತ್ತು. ಆದರೆ ಕೇಳುವವರು ಕೇಳಬೇಕಾದ ಕಾಲದಲ್ಲಿ ಕೇಳಿದ್ದಾರೆ ಎಂಬ ದೊಡ್ಡ ಗುಣದ ಮುಂದೆ ಇದು ಸಣ್ಣ ದೋಷ. ವಿಭಜನೆಯನ್ನು ಬಲ್ಲ ತಲೆಮಾರು ಮುಗಿಯುತ್ತಿರುವ ಕಾಲದಲ್ಲಿ, ಇನ್ನು ಹತ್ತು ವರ್ಷ ತಡವಾಗಿದ್ದರೆ ಆ ಬಿಂದಿಗೆ ಹಿತ್ತಾಳೆಯಂಗಡಿಯ ಬಿಂದಿಗೆಯಾಗುತ್ತಿತ್ತು.

ಈ ಕೃತಿಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಳತೆಗೋಲು ದೊರೆಯುತ್ತದೆ. ಮನೆತನದ ವಸ್ತುವಿನ ಮೇಲೆ ಬರೆಯುವವನು ಅದರ ಅಂದವನ್ನು ಎಷ್ಟು ಬಣ್ಣಿಸಿದ, ಎಷ್ಟು ಅತ್ತ ಎಂಬುದನ್ನು ಬದಿಗಿಡೋಣ. ವಸ್ತುವನ್ನು ಕೈಯಿಂದ ಕೈಗೆ ದಾಟಿಸಿದವರಲ್ಲಿ ಯಾರ ಹೆಸರು ಬಿಟ್ಟುಹೋಗಿತ್ತೋ ಅದನ್ನು ಆ ಬರಹ ಹುಡುಕಿತೆ? ಹುಡುಕಿ ಸಿಗದಿದ್ದರೆ ಸಿಗಲಿಲ್ಲವೆಂದಾದರೂ ಹೇಳಿತೆ? ಇಷ್ಟು ಮಾಡಿದ ಬರಹ ಬರಿಯ ಪುಳಕದಿಂದ ಪಾರಾಗುತ್ತದೆ. ಮಾಡದ ಬರಹ ಎಷ್ಟು ಸೊಗಸಾಗಿದ್ದರೂ ಅಕ್ಕಸಾಲೆಯ ತೂಕದ ಚೀಟಿಗಿಂತ ಹೆಚ್ಚಿನದಲ್ಲ.

ತೂಕದ ಚೀಟಿಯ ಮಾತು ಬಂದದ್ದರಿಂದ ನಮ್ಮ ಮನೆಗಳ ವಿಚಾರವನ್ನೂ ಒಂದಿಷ್ಟು ಹೇಳಬಹುದು. ಅಜ್ಜಿಯ ಅಡ್ಡಿಕೆ, ಕಟ್ಟಾಣಿ, ಬುಗುಡಿ, ವಂಕಿ, ಡಾಬು ಇವುಗಳಲ್ಲಿ ಹೆಚ್ಚಿನವು ಈಗ ಅಂಗಡಿಯ ಒಲೆಯನ್ನು ಕಂಡಿವೆ. ಮಗಳ ಮದುವೆಗೆ, ಮೊಮ್ಮಗನ ಓದಿಗೆ, ಮನೆಯ ಕಂತಿಗೆ ಮುರಿಸುವುದು ತಪ್ಪೆಂದು ಯಾರೂ ಹೇಳಲಾರರು. ಧೂತೆಯೂ ಅದನ್ನೇ ಮಾಡಿದಳು. ಆದರೆ ಧೂತೆ ಕೊಡುವಾಗ ಅದು ಎಲ್ಲಿಂದ ಬಂತೆಂದು ಹೇಳಿಕೊಟ್ಟಳು. ನಮ್ಮಲ್ಲಿ ಸವಕಲು ಎಷ್ಟು, ತೇಮಾನು ಎಷ್ಟು ಎಂಬ ಲೆಕ್ಕ ಕಾಗದದ ಮೇಲೆ ಉಳಿಯುತ್ತದೆ. ಅದನ್ನು ಮೊದಲು ತೊಟ್ಟ ಹೆಂಗಸಿನ ಹೆಸರು ಕೇಳಿದರೆ ಮನೆಯಲ್ಲಿ ಇಬ್ಬರು ಮುಖ ನೋಡಿಕೊಳ್ಳುತ್ತಾರೆ. ಮುತ್ತಜ್ಜನ ಹೆಸರು ಶ್ರಾದ್ಧದಲ್ಲಿ ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಮುತ್ತಜ್ಜಿಯ ತಾಯಿಯ ಹೆಸರು ಬರುವ ಜಾಗ ಆ ಒಡವೆಯೊಂದೇ ಆಗಿತ್ತು. ಕರಗಿದ ಬಂಗಾರ ಬಳೆಯಾಗಿ ತಿರುಗಿ ಬಂದೀತು. ಕೇಳದೆ ಬಿಟ್ಟ ಹೆಸರು ಯಾವ ಅಂಗಡಿಯಲ್ಲಿಯೂ ಸಿಗಲಾರದು.

ವಾಲ್ಮೀಕಿಗೆ ಇದು ತಿಳಿದಿತ್ತೆಂದು ತೋರುತ್ತದೆ. ಮಣಿಯನ್ನು ಎದೆಗೊತ್ತಿಕೊಂಡು ಅತ್ತ ರಾಮನನ್ನು ಆತ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಮಣಿ ಕೈಯಲ್ಲಿದ್ದಂತೆಯೇ ರಾಮನು ಹನುಮಂತನ ಕಡೆ ತಿರುಗಿ, ಸೀತೆ ಏನೆಂದಳು, ಹೇಳು, ಮತ್ತೆ ಮತ್ತೆ ಹೇಳು ಎಂದು ಬೇಡುತ್ತಾನೆ. ಬಾಯಾರಿದವನಿಗೆ ನೀರು, ರೋಗಿಗೆ ಮದ್ದು ಆ ಮಾತು ಎನ್ನುತ್ತಾನೆ. ಇಂದ್ರನು ಕೊಟ್ಟ ಮಣಿಯೂ ಆ ಬಾಯಾರಿಕೆಯನ್ನು ತಣಿಸಲಿಲ್ಲ. ಹನುಮಂತನು ಕುಳಿತು ಕಾಗೆಯ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು.